ಮನೆಯಲ್ಲಿ ಮಾತ್ರೆ ಎಣಿಸುತ್ತಿದ್ದೆ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಧಾರವಾಡ. ಎಂ.ಟೆಕ್. ಮುಗಿಸಿ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಇವತ್ತು ಹೇಳೋದು ನನ್ನ ಹೆಂಡತಿಯ ವಿಷಯ, ಅದಕ್ಕಿಂತ ಹೆಚ್ಚಾಗಿ ನನ್ನ ವಿಷಯ. ಈ ಮಾತನ್ನು ಬರೆದುಕೊಂಡಾಗ ಮೊದಲು ಅವಳಿಗೇ ಕೊಟ್ಟೆ. ಎರಡು ಕಡೆ ಗೆರೆ ಎಳೆದು "ಇದು ಬೇಡ" ಅಂದಳು, ತೆಗೆದಿದ್ದೇನೆ. ಉಳಿದಿದ್ದನ್ನು ಹೇಳೋಕೆ ಅವಳ ಒಪ್ಪಿಗೆ ಇದೆ.

2019ರಲ್ಲಿ ನಮ್ಮ ಅತ್ತೆ ತೀರಿಹೋದರು. ಆಮೇಲೆ ಇವಳಿಗೆ ನಿದ್ದೆಯೇ ಇಲ್ಲ. ಹತ್ತಿರದ ಡಾಕ್ಟರು ಆಲ್ಪ್ರಜೋಲಮ್, 0.25 ಮಿಲಿಗ್ರಾಂ, ಹದಿನೈದು ದಿನಕ್ಕೆ ಬರೆದುಕೊಟ್ಟರು. ಮೊದಲನೇ ರಾತ್ರಿ ಅವಳು ಏಳು ಗಂಟೆ ಮಲಗಿದಳು. ನಾವಿಬ್ಬರೂ ದೇವರಿಗೆ ಕೈಮುಗಿದೆವು. ಸುಳ್ಳು ಹೇಳಬಾರದು, ಆವಾಗ ಆ ಮಾತ್ರೆ ಉಪಕಾರವನ್ನೇ ಮಾಡಿತ್ತು.

ಹದಿನೈದು ದಿನ ಎರಡು ವರ್ಷವಾಯಿತು. ಒಂದು ಸಾಲದೆ ಎರಡಾಯ್ತು. 0.25 ಹೋಗಿ 0.5 ಬಂತು. ರಾತ್ರಿಯದ್ದು ಮಧ್ಯಾಹ್ನಕ್ಕೂ ಬಂತು. ಕೊನೆಗೆ ದಿನಕ್ಕೆ ಆರು ಮಾತ್ರೆ. ನಮ್ಮ ತಲೆಯಲ್ಲಿ ಚಟ ಅಂದ್ರೆ ಬಾಟ್ಲಿ, ಗುಟ್ಕಾ, ಇಸ್ಪೀಟು. ಡಾಕ್ಟರ್ ಚೀಟಿಯಲ್ಲಿರೋದು ಚಟ ಹೇಗಾಗುತ್ತೆ ಹೇಳಿ?

ಕಾನೂನು ಇಲ್ಲ ಅಂತಲ್ಲ. ಇದು ಎಚ್1 ಶೆಡ್ಯೂಲಿನ ಔಷಧ. 2014ರಿಂದ ಅಂಗಡಿಯವರು ಇಂಥ ಔಷಧ ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನೋದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪೊಟ್ಟಣದ ಮೇಲೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಇರುತ್ತದೆ. ಆದರೆ ಹಳೇ ಚೀಟಿಯ ಫೋಟೋ ತೋರಿಸಿದರೆ ಕೊಡುವ ಅಂಗಡಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತಿತ್ತು.

ನಾನು ಏನು ಮಾಡಿದೆ? ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ! ಅವಳು ಮಲಗಿದ ಮೇಲೆ ಪರ್ಸು, ಬೀರು ಹುಡುಕಿ ಮಾತ್ರೆ ಎಣಿಸಿ ಬರೆದಿಡುತ್ತಿದ್ದೆ. ಅವಳು ಬಚ್ಚಿಡುವ ಜಾಗ ಬದಲಾಯಿಸಿದಳು. ಒಂದು ದಿನ ಮೆಂತ್ಯದ ಡಬ್ಬಿಯಲ್ಲಿ ಸಿಕ್ಕಿತು. ಶೀಟ್ ತೆಗೆದು ಮುಂದಿಟ್ಟೆ. ಅವಳು ಕೇಳಿದ್ದು ಒಂದೇ ಮಾತು: "ನಾನು ನಿಮ್ಮ ಹೆಂಡತೀನೋ, ಪ್ರಾಜೆಕ್ಟೋ?"

ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿದ್ದ ಅಷ್ಟೂ ಮಾತ್ರೆ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿದೆ. ಎರಡು ದಿನ ಅವಳ ಕೈ ನಡುಗಿತು, ಬೆವರಿದಳು. "ಸಹಿಸಿಕೋ, ಸರಿಹೋಗುತ್ತೆ" ಅಂದೆ. ಮೂರನೇ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಹಣೆಗೆ ನಾಲ್ಕು ಹೊಲಿಗೆ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಎಲ್ಲಾ ಕೇಳಿ, "ಮಾತ್ರೆ ನಿಲ್ಲಿಸಿದ್ದು ಯಾರು?" ಅಂದರು. ನಾನೇ ಅಂದೆ.

ಆಮೇಲೆ ಮನೋವೈದ್ಯರು ಬಿಡಿಸಿ ಹೇಳಿದರು. ಈ ಮಾತ್ರೆ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ತಿಂಗಳುಗಟ್ಟಲೆ ಹೊರಗಿನ ಬ್ರೇಕ್ ಸಿಕ್ಕಿದರೆ ಮೆದುಳು ತನ್ನ ಸ್ವಂತ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಏಕಾಏಕಿ ನಿಲ್ಲಿಸಿದರೆ ಘಾಟಿನಲ್ಲಿ ಬ್ರೇಕ್ ಕಿತ್ತ ಲಾರಿಯ ಕಥೆ. ಜೀವಕ್ಕೇ ಅಪಾಯ ಆಗಬಹುದು. ಛಲ, ಮನೋಬಲ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಅವಳನ್ನು ನಿಧಾನವಾಗಿ ಇಳಿಯುವ ಇನ್ನೊಂದು ಮಾತ್ರೆಗೆ ಬದಲಾಯಿಸಿ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರು. ಹತ್ತು ತಿಂಗಳು ಹಿಡಿಯಿತು. ವಾರದ ಮಾತ್ರೆ ನನ್ನ ಹತ್ತಿರ ಇರಲಿ ಅಂತ ಅವಳೇ ಡಾಕ್ಟರ ಮುಂದೆ ಹೇಳಿದಳು. ನೋಡಿ, ಮೊದಲೂ ನಾನು ಎಣಿಸುತ್ತಿದ್ದೆ, ಈಗಲೂ ಎಣಿಸಿದೆ. ಆದರೆ ಮೊದಲು ಕದ್ದು ಎಣಿಸುತ್ತಿದ್ದೆ. ಈಗ ಡಬ್ಬಿ ಊಟದ ಟೇಬಲ್ ಮೇಲೆ ಇಬ್ಬರ ಕಣ್ಣೆದುರಿಗೇ ಇತ್ತು. ಪೊಲೀಸಿಗೂ ಗಂಡನಿಗೂ ಇರೋ ವ್ಯತ್ಯಾಸ ಅಷ್ಟೇ ಅಂತ ನನಗೆ ತಡವಾಗಿ ತಿಳಿಯಿತು.

ಸುಳ್ಳು ಅವಳೊಬ್ಬಳೇ ಹೇಳಿರಲಿಲ್ಲ. ಧಾರವಾಡಕ್ಕೆ ಫೋನ್ ಮಾಡಿದಾಗ "ಅವಳಿಗೆ ತಲೆನೋವು, ಮಲಗಿದಾಳೆ" ಅಂತ ಎರಡು ವರ್ಷ ಹೇಳಿದವನು ನಾನು. ತಮ್ಮನ ಗೃಹಪ್ರವೇಶಕ್ಕೆ ರಜೆ ಸಿಗಲಿಲ್ಲ ಅಂದವನೂ ನಾನೇ. ಮನೆಯವರಿಗಾಗಿ ನಡೆಯುವ ಒಂದು ಸಭೆಗೆ ಡಾಕ್ಟರು ಕಳಿಸಿದರು. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನ ಕಥೆ ಕೇಳಿ, "ನೀನು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತಪ್ಪಾ?" ಅಂದರು. ಉತ್ತರ ಕೊಡೋಕೆ ಆಗಲಿಲ್ಲ, ಅತ್ತುಬಿಟ್ಟೆ. ಮಾರನೇ ದಿನ ತಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಒಮ್ಮೆ ಜಾರಿದ್ದೂ ಉಂಟು. ಅತ್ತೆಯ ಶ್ರಾದ್ಧದ ವಾರ ಅವಳು ಒಂದು ಸ್ಟ್ರಿಪ್ ತಂದಳು. ಸಂಜೆ ತಾನೇ ನನ್ನ ಕೈಗಿಟ್ಟು, "ಎರಡು ತಗೊಂಡೆ" ಅಂದಳು. ಬೈಯೋಕೆ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಇಬ್ಬರೂ ಕೂತು ಡಾಕ್ಟರಿಗೆ ಫೋನ್ ಮಾಡಿದೆವು. ಅವಳು ಬಂದು ಹೇಳಿದ್ದೇ ನನಗೆ ದೊಡ್ಡದು.

ನಿಮ್ಮ ಮನೆಯಲ್ಲೂ ಹೀಗಿದ್ದರೆ ಕೆಲವು ಮಾತು. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಎಸೆಯಬೇಡಿ. ಮದ್ಯದ ಜೊತೆ, ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಇದು ಸೇರಿದರೆ ಉಸಿರೇ ನಿಲ್ಲಬಹುದು, ಹಾಗಾಗಿ ತಗೊಳ್ಳುತ್ತಿರುವ ಎಲ್ಲಾ ಔಷಧದ ಪಟ್ಟಿಯನ್ನು ಒಬ್ಬರೇ ಡಾಕ್ಟರಿಗೆ ತೋರಿಸಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ಪ್ರತ್ಯೇಕ ವಿಭಾಗ ಇದೆ. ಫೋನ್ ಮಾಡೋಕೆ ಹೆಂಡತಿಯೋ ಗಂಡನೋ ಒಪ್ಪುವ ತನಕ ಕಾಯಬೇಕಿಲ್ಲ. ಮೊದಲು ನಿಮಗೋಸ್ಕರ ಮಾಡಿ.

ಈಗಲೂ ಕೆಲವು ರಾತ್ರಿ ಅವಳಿಗೆ ಎರಡು ಗಂಟೆಗೆ ಎಚ್ಚರ ಆಗುತ್ತೆ. ಮೊದಲು ನಾನು ಎದ್ದು ಬೀರು ನೋಡುತ್ತಿದ್ದೆ. ಈಗ "ಎದ್ದೀಯಾ?" ಅಂತ ಕೇಳ್ತೀನಿ. ಬೇಕು ಅಂದ್ರೆ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಜೊತೆಗೆ ಕೂರ್ತೀನಿ. ಬೇಡ, ಮಲಗಿ ಅಂದ್ರೆ ಮಲಗ್ತೀನಿ.