ಒಂದೇ ಒಂದು ಎಪಿಸೋಡ್
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವ ನಿಮಗೆ ಸಮಯದ ಸದುಪಯೋಗದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಸಮಯವನ್ನು ಸದುಪಯೋಗ ಮಾಡಿಕೊಂಡ ಯಾರನ್ನಾದರೂ ಕರೆದಿದ್ದರೆ ಒಳ್ಳೆಯದಿತ್ತು. ನಾನು ಅದನ್ನು ಕಳೆದುಕೊಂಡವನು. ಎಲ್ಲಿ ಕಳೆದುಕೊಂಡೆ ಎಂಬುದನ್ನಷ್ಟೇ ಹೇಳಬಲ್ಲೆ.

ನನ್ನ ಪಿಎಚ್.ಡಿ.ಯ ನಾಲ್ಕನೇ ವರ್ಷ. ಮೂರನೇ ಅಧ್ಯಾಯ ಬರೆಯಲು ಬಾಕಿ ಇತ್ತು. ರಾತ್ರಿ ಹಾಸ್ಟೆಲಿನಲ್ಲಿ ಊಟ ಮುಗಿಸಿ ಬಂದು, ಒಂದೇ ಒಂದು ಎಪಿಸೋಡ್ ನೋಡಿ ಬರೆಯಲು ಕೂರುತ್ತೇನೆ ಎಂದು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಕಥೆಯಲ್ಲಿ ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಬಂದವರು ಯಾರೆಂದು ತಿಳಿಯಲು ಇನ್ನೊಂದು. ಒಂದು ರಾತ್ರಿ ಹೀಗೆ ನಾಲ್ಕನೆಯದು ಓಡುತ್ತಿದ್ದಾಗ ಊರಿನಿಂದ ಉಮ್ಮ ಫೋನ್ ಮಾಡಿದರು. "ಎಂತ ಮಾಡ್ತಾ ಇದ್ದೀ ಮಗಾ?" "ಬರೀತಾ ಇದ್ದೇನೆ ಉಮ್ಮಾ." "ಹಾಗಾದ್ರೆ ಇಡ್ತೇನೆ, ನಿನಗೆ ತೊಂದರೆ ಬೇಡ" ಎಂದು ಇಟ್ಟೇಬಿಟ್ಟರು. ಅವರಿಗೆ ಎರಡು ದಿನದಿಂದ ಜ್ವರ ಎಂದು ಮರುದಿನ ತಂಗಿ ಹೇಳಿದಳು. ಆ ರಾತ್ರಿ ಫೋನ್ ಇಟ್ಟ ಮೇಲೆ ನಾನು ಐದನೆಯದನ್ನೂ ನೋಡಿದ್ದೆ.

ಇದನ್ನು ಕೇಳಿ, "ಅದಕ್ಕೇ ನಾವು ಹೇಳುವುದು, ನೋಡಲೇಬಾರದು" ಎಂದು ಮುಂದಿನ ಸಾಲಿನಲ್ಲಿರುವ ಹಿರಿಯರು ತಲೆಯಾಡಿಸುತ್ತಿರುವುದು ಕಾಣುತ್ತಿದೆ. ಅವರ ಕ್ಷಮೆ ಕೋರಿ ನಾನು ಬೇರೆಯೇ ಹೇಳುತ್ತೇನೆ. ನೋಡಿದ್ದು ನನ್ನನ್ನು ಕೆಡಿಸಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಕೆಡಿಸಿತು.

1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಧಾರಾವಾಹಿ ಬರುತ್ತಿದ್ದುದು ಆದಿತ್ಯವಾರ ಬೆಳಿಗ್ಗೆ. ಒಂದು ಕಂತು ಮುಗಿದರೆ ಇನ್ನೊಂದಕ್ಕೆ ವಾರ ಕಾಯಬೇಕಿತ್ತು. ಎಷ್ಟೇ ಹಠ ಹಿಡಿದರೂ ಮುಂದಿನದು ಬರುತ್ತಿರಲಿಲ್ಲ. ನೆಟ್‌ಫ್ಲಿಕ್ಸ್ 2012ರಲ್ಲಿ, ಒಂದು ಮುಗಿದೊಡನೆ ಮುಂದಿನದು ತಾನಾಗಿಯೇ ಶುರುವಾಗುವ ವ್ಯವಸ್ಥೆ ತಂದಿತು. ಮೊದಲು ಮುಂದುವರಿಸಲು ಒಂದು ಗುಂಡಿ ಒತ್ತಬೇಕಿತ್ತು, ಈಗ ನಿಲ್ಲಿಸಲು ಒತ್ತಬೇಕು. ಅದರ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ, ತಮ್ಮ ಸ್ಪರ್ಧೆ ನಿದ್ದೆಯೊಂದಿಗೆ ಎಂದೇ ಹೇಳಿದ್ದರು. ತಮಾಷೆಗೆ ಹೇಳಿದ್ದಿರಬಹುದು, ಆದರೆ ಸೋತ ನಿದ್ದೆ ನಮ್ಮದು. ಆಟೋಪ್ಲೇಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಲು ಬರುತ್ತದೆ. ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ. ನೀವು ಈ ಸಭಾಂಗಣದಿಂದ ಹೊರಗೆ ಹೋಗುವ ಮೊದಲೇ ಮಾಡಿಬಿಡಿ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಗಂಟೆಯೆಂದರೆ ವರ್ಷಕ್ಕೆ 365 ಗಂಟೆ; ದಿನಕ್ಕೆ 8 ಗಂಟೆಯ ಕೆಲಸವೆಂದರೆ ಸುಮಾರು 45 ದಿನ. ಆ ಗಂಟೆಗಳಲ್ಲೆಲ್ಲ ನಾವು ಪ್ರಬಂಧ ಬರೆಯುತ್ತಿದ್ದೆವು ಎಂಬುದು ಸುಳ್ಳು. ರಾತ್ರಿ ಹನ್ನೊಂದಕ್ಕೆ ನಾನಂತೂ ಒಂದು ಒಳ್ಳೆಯ ವಾಕ್ಯ ಬರೆದವನಲ್ಲ. ಹೋದದ್ದು ಮರುದಿನದ ಬೆಳಗು. ಹತ್ತು ಗಂಟೆಗೆ ಎದ್ದು, ಗೈಡ್ ಎದುರಾಗದಂತೆ ವಿಭಾಗದ ಹಿಂಬಾಗಿಲಿನಿಂದ ಹೋದ ದಿನಗಳಿವೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಗರಿಷ್ಠ ಅವಧಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಜೆಆರ್‌ಎಫ್ ಸಿಕ್ಕವರಿಗೂ ಹಣ ಬರುವುದು 5 ವರ್ಷ. ನಮ್ಮಲ್ಲಿ ಹಲವರು ನಂಬಿಕೊಂಡಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಕೊನೆಯ ವರ್ಷ ಮನೆಯವರ ದುಡ್ಡಿನಲ್ಲಿ ನಡೆಯುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಜ್ವರದ ವಿಷಯ ತಿಳಿದ ವಾರ ಊರಿಗೆ ಹೋದೆ. ಉಮ್ಮ ಚೇತರಿಸಿಕೊಂಡಿದ್ದರು. ಸಂಜೆ ಅವರ ಪಕ್ಕ ಕೂತು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಹಾಕಿದೆ. ವೈದೇಹಿಯವರ ಕಥೆಯಿಂದ 2008ರಲ್ಲಿ ಮಾಡಿದ ಚಿತ್ರ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ನಮ್ಮ ಕರಾವಳಿಯ ಮೀನುಗಾರ ಹೆಂಗಸರು ಆಕೆಯ ಮನೆಯಲ್ಲಿ ಸೇರತೊಡಗುತ್ತಾರೆ. ಉಮ್ಮ ನಡುನಡುವೆ ನಿಲ್ಲಿಸಿ ಮಾತಾಡಿದರು. ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲ, ಆ ಮನೆಯ ಜಗಲಿಯಲ್ಲಿ ಜಾಗ ಹಿಡಿಯಲು ಸಂಜೆಯೇ ಪಾತ್ರೆ ತೊಳೆದು ಮುಗಿಸುತ್ತಿದ್ದದ್ದು, ಆ ಮನೆಯವರೊಂದಿಗೆ ಜಗಳವಾಗಿ ಆರು ತಿಂಗಳು ಯಾರೂ ಹೋಗದೆ ಇದ್ದದ್ದು. ಇದೊಂದೂ ನನಗೆ ಗೊತ್ತಿರಲಿಲ್ಲ. ಎರಡು ಗಂಟೆಯ ಸಿನಿಮಾಕ್ಕೆ ಮೂರು ಗಂಟೆ ಹಿಡಿಯಿತು. ಆದರೆ ಅದು ಮುಗಿಯಿತು. ಬಾಗಿಲು ಬಡಿಯುವವರು ಯಾರೂ ಇರಲಿಲ್ಲ. ಹಿಂದಿನ ವಾರ ನೋಡಿದ ಇಪ್ಪತ್ತು ಎಪಿಸೋಡುಗಳಲ್ಲಿ ಒಂದರ ಕಥೆಯೂ ಇವತ್ತು ನೆನಪಿಲ್ಲ.

ಈಗಲೂ ನಾನು ನೋಡುತ್ತೇನೆ. ಏನು ನೋಡುವುದೆಂದು ಊಟಕ್ಕೆ ಮೊದಲೇ ತೀರ್ಮಾನಿಸುತ್ತೇನೆ, ಕೊನೆ ಇರುವಂಥದ್ದನ್ನೇ ಆರಿಸುತ್ತೇನೆ. ಎಪಿಸೋಡಿನವರಿಂದ ಒಂದು ಉಪಾಯವನ್ನೂ ಕದ್ದೆ. ಬರೆಯುವುದನ್ನು ನಿಲ್ಲಿಸುವಾಗ ಪ್ಯಾರಾವನ್ನು ಅರ್ಧಕ್ಕೆ ಬಿಡುತ್ತೇನೆ. ಬೆಳಿಗ್ಗೆ ಅದೇ ಎಳೆದು ಕೂರಿಸುತ್ತದೆ.

ಅಂದು ರಾತ್ರಿ ಮಲಗುವ ಮೊದಲು ಉಮ್ಮ ಕೇಳಿದರು, "ನಿನ್ನದು ಬರೆದು ಆಯ್ತಾ?"

"ಇಲ್ಲ ಉಮ್ಮಾ. ಎರಡು ತಿಂಗಳಿಂದ ಒಂದು ಪುಟವೂ ಆಗಲಿಲ್ಲ."

"ನನಗೆ ಗೊತ್ತಿತ್ತು" ಎಂದರು. "ಫೋನಿನಲ್ಲಿ ಹಿಂದಿನಿಂದ ಪಾಟು ಕೇಳ್ತಾ ಇತ್ತು."