ಕೊನೆಯ ಸಂದು

(ಮಲೆನಾಡಿನ ಒಂದು ಕಲಿಕಾ ಕೇಂದ್ರದಲ್ಲಿ ಒಬ್ಬ ಬಡಗಿ ಆಡಿದ ಮಾತು)



ನನಗೆ ಭಾಷಣ ಮಾಡಿ ಗೊತ್ತಿಲ್ಲ. ಉಳಿ, ಗರಗಸ ಹಿಡಿದು ಗೊತ್ತು. ನಿಮ್ಮ ಮೇಷ್ಟ್ರು ಮನೆಗೆ ಬಂದಿದ್ದರು. "ಈ ವಾರ ಭಾಗಾಕಾರ ಕಲಿಸ್ತಾ ಇದ್ದೀನಿ. ಇದರಿಂದ ಏನು ಉಪಯೋಗ ಅಂತ ಎಲ್ಲರೂ ಕೇಳ್ತಾರೆ. ನೀವೇ ಬಂದು ಹೇಳಿ" ಅಂದರು. ಅದಕ್ಕೆ ಬಂದೆ. ಜಗಲಿಯ ಕಟಾಂಜನದ ವಿಷಯ ಹೇಳ್ತೀನಿ.

ಕಟಾಂಜನ ನಿಮಗೆಲ್ಲ ಗೊತ್ತು. ಜಗಲಿಯ ಅಂಚಿಗೆ ಕಂಬದಿಂದ ಕಂಬಕ್ಕೆ ಹಾಕುವ ತಡೆ. ಪೇಟೆಯವರು ರೇಲಿಂಗು ಅಂತಾರೆ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ. ನಡುವೆ ನೆಟ್ಟಗೆ ನಿಂತ ಸರಳುಗಳು. ನಮ್ಮ ಕಡೆ ಮಳೆ ಜಾಸ್ತಿ. ಅಂಗಳದ ನೀರು ಒಳಗೆ ಬರಬಾರದು ಅಂತ ಜಗಲಿಯನ್ನು ಎತ್ತರಿಸಿ ಕಟ್ಟುತ್ತಾರೆ. ಕೆಲವು ಮನೆಗಳಲ್ಲಿ ಮೂರಡಿ, ನಾಲ್ಕಡಿ ಎತ್ತರ ಇರುತ್ತದೆ. ಅಲ್ಲೇ ಕೂತು ದೊಡ್ಡವರು ಅಡಿಕೆ ಸುಲಿಯುತ್ತಾರೆ. ಅಲ್ಲೇ ಮಕ್ಕಳು ಆಡುತ್ತವೆ.

ನನಗಾಗ ಇಪ್ಪತ್ತೆರಡು ವರ್ಷ. ಗುರುಗಳನ್ನು ಬಿಟ್ಟು ಸ್ವಂತ ಕೆಲಸ ಹಿಡಿದಿದ್ದೆ. ಪಕ್ಕದ ಹಳ್ಳಿಯ ಒಂದು ಮನೆಯವರು ಜಗಲಿಗೆ ಕಟಾಂಜನ ಮಾಡಿಕೊಡು ಅಂದರು. ಹೊನ್ನೆ ಮರ ಅವರದೇ. ನನಗೆ ಟೇಪಿನ ಮೇಲಿನ ಅಂಕಿ ಓದಲು ಬರುತ್ತಿತ್ತು. ಕೂಡಲು, ಕಳೆಯಲು ಬರುತ್ತಿತ್ತು. ಭಾಗಿಸಲು ಬರುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಕಂಬದಿಂದ ಕಂಬಕ್ಕೆ ಅಳೆದೆ. ಸರಿಯಾಗಿ ಆರಡಿ. ಅಂದರೆ 72 ಇಂಚು. ಸರಳಿನ ಅಗಲ ಒಂದೂವರೆ ಇಂಚು. ನಾಲ್ಕು ಇಂಚಿನ ಒಂದು ಮರದ ತುಂಡು ಮಾಡಿಕೊಂಡೆ. ಎಡಗಡೆಯ ಕಂಬಕ್ಕೆ ತುಂಡು ಒತ್ತಿ ಹಿಡಿದೆ. ಪಕ್ಕದಲ್ಲಿ ಒಂದು ಸರಳು ನಿಲ್ಲಿಸಿದೆ. ಮತ್ತೆ ತುಂಡು, ಮತ್ತೆ ಸರಳು. ಹೀಗೇ ಬಲಗಡೆಗೆ ಹೋದೆ. ಕೆಲಸ ಬಲು ಚುರುಕಾಗಿ ಸಾಗಿತು. 12 ಸರಳು ನಿಂತವು. ಆಮೇಲೆ ನೋಡುತ್ತೇನೆ, ಕೊನೆಯ ಸಂದು ಆರು ಇಂಚು!

ಅಲ್ಲಿ ಇನ್ನೊಂದು ಸರಳು ಹಾಕಬಹುದಿತ್ತು. ಹಾಕಿದರೆ ಒಂದು ಕಡೆ ನಾಲ್ಕು ಇಂಚು ಸಂದು, ಇನ್ನೊಂದು ಕಡೆ ಅರ್ಧ ಇಂಚು. ಹಲ್ಲಿನ ಮೇಲೆ ಹಲ್ಲು ಬಂದ ಹಾಗೆ ಕಾಣುತ್ತದೆ. ಎಲ್ಲ ಕಿತ್ತು ಮತ್ತೆ ಕೂರಿಸಲು ಸೋಮಾರಿತನ. ಹೇಗೆ ಕೂರಿಸಬೇಕು ಅಂತ ಗೊತ್ತೂ ಇರಲಿಲ್ಲ. "ಎರಡಿಂಚು ತಾನೇ, ಯಾರು ನೋಡ್ತಾರೆ" ಅಂದುಕೊಂಡೆ. ಎಣ್ಣೆ ಸವರಿ, ಕೂಲಿ ತಗೊಂಡು ಬಂದೆ.

ದೊಡ್ಡವರು ಯಾರೂ ನೋಡಲಿಲ್ಲ. ನೋಡಿದ್ದು ಒಂದೂವರೆ ವರ್ಷದ ಮಗು. ಎರಡು ತಿಂಗಳಾದ ಮೇಲೆ ಅದು ತೆವಳಿಕೊಂಡು ಆ ಸಂದಿನಲ್ಲೇ ತೂರಿತು. ಅಂಗಳಕ್ಕೆ ಬಿತ್ತು. ಕೈ ಮುರಿಯಿತು. ಕೆಳಗೆ ಮಣ್ಣಿತ್ತು. ಒಂದು ಗಜ ಆಚೆಗೆ ಚಪ್ಪಡಿಕಲ್ಲು ಇತ್ತು. ಆ ಕಲ್ಲು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ನಾನು ಓಡಿಹೋದೆ. ಬೈತಾರೆ ಅಂತ ತಯಾರಾಗಿಯೇ ಹೋಗಿದ್ದೆ. ಯಾರೂ ಬೈಯಲಿಲ್ಲ. ಮಗುವಿನ ಅಜ್ಜಿ ಸಂದಿನಲ್ಲಿ ಕೈ ಇಟ್ಟು, "ಉಳಿದದ್ದೆಲ್ಲ ಒಂದೇ ಸಮ ಐತಲ್ಲಪ್ಪ. ಇದೊಂದೇ ಯಾಕೆ ಅಗಲ ಬಿಟ್ಟೆ?" ಅಂತ ಕೇಳಿದರು. "ಲೆಕ್ಕ ಬರಲ್ಲ ಅಜ್ಜಿ" ಅಂದೆ. ಆವತ್ತು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ನನ್ನ ಖರ್ಚಿನಲ್ಲೇ ಬೇರೆ ಮಾಡಿಕೊಡ್ತೀನಿ ಅಂತ ಹೇಳಿ ಎಲ್ಲ ಬಿಚ್ಚಿದೆ. ಆ ಮಗುವಿನ ಅಕ್ಕ ಐದನೇ ಕ್ಲಾಸು. ಸ್ಲೇಟು ತಂದು ನನ್ನ ಪಕ್ಕ ಕೂತಳು. "ಮಾಮ, ನಾನು ಲೆಕ್ಕ ಹೇಳ್ತೀನಿ" ಅಂದಳು.

ಅವಳು ಹೇಳಿದ ಲೆಕ್ಕ ಇದು. ನೀವೂ ಬರೆದುಕೊಳ್ಳಿ.

ಒಂದು ಸರಳು ಒಂದೂವರೆ ಇಂಚು. ಒಂದು ಸಂದು ನಾಲ್ಕು ಇಂಚು. ಎರಡೂ ಸೇರಿ ಐದೂವರೆ. 72ರಲ್ಲಿ ಐದೂವರೆ ಎಷ್ಟು ಸಲ ಹೋಗುತ್ತದೆ? 13 ಸಲ ಹೋಗುತ್ತದೆ, ಅರ್ಧ ಇಂಚು ಉಳಿಯುತ್ತದೆ. ಹಾಗಾದರೆ 13 ಸರಳು ಬೇಕು. 13 ಸರಳು ಎಷ್ಟು ಜಾಗ ತಿನ್ನುತ್ತವೆ? 13ನ್ನು ಒಂದೂವರೆಯಿಂದ ಗುಣಿಸಿದರೆ ಹತ್ತೊಂಬತ್ತೂವರೆ ಇಂಚು. ಅದನ್ನು 72ರಲ್ಲಿ ಕಳೆದರೆ ಐವತ್ತೆರಡೂವರೆ ಇಂಚು. ಇಷ್ಟೂ ಬರೀ ಸಂದುಗಳಿಗೆ ಸೇರಿದ್ದು.

ಇಲ್ಲಿಯವರೆಗೆ ಸರಿ. ಹುಡುಗಿ ಅದನ್ನು 13ರಿಂದ ಭಾಗಿಸಿದಳು. "ನಾಲ್ಕು ಇಂಚು ಬಂತು ಮಾಮ, ಒಂದು ಚೂರು ಮಿಗುತ್ತೆ" ಅಂದಳು. ಸರಳುಗಳನ್ನು ನೆಲದ ಮೇಲೆ ಹಾಗೇ ಜೋಡಿಸಿ ನೋಡಿದೆವು. ಕೊನೆಯ ಸರಳು ಹೋಗಿ ಕಂಬಕ್ಕೇ ಅಂಟಿಕೊಂಡಿತು! ಅವಳಿಗೆ ಅಳು ಬಂತು. ನಾನು ಕೈಬೆರಳಿನಿಂದ ಒಂದೊಂದೇ ಸಂದು ಎಣಿಸಿದೆ. ಆಗ ಹೊಳೆಯಿತು.

ನಿಮ್ಮ ಎಡಗೈಯ ಮೂರು ಬೆರಳು ನಿಲ್ಲಿಸಿ. ಅವುಗಳ ನಡುವೆ ಎರಡೇ ಸಂದು. ಆದರೆ ಆಚೆ ಈಚೆ ಎರಡು ಕಂಬ ಇವೆ ಅಂದುಕೊಳ್ಳಿ. ಮೊದಲ ಬೆರಳಿಗೂ ಕಂಬಕ್ಕೂ ನಡುವೆ ಒಂದು ಸಂದು. ಕೊನೆಯ ಬೆರಳಿಗೂ ಕಂಬಕ್ಕೂ ನಡುವೆ ಇನ್ನೊಂದು. ಒಟ್ಟು ನಾಲ್ಕು. ಮೂರು ಸರಳಿಗೆ ನಾಲ್ಕು ಸಂದು. 13 ಸರಳಿಗೆ 14 ಸಂದು. ಸರಳಿಗಿಂತ ಸಂದು ಯಾವಾಗಲೂ ಒಂದು ಹೆಚ್ಚು. ಓದಿದವರೂ ಇದೇ ಜಾಗದಲ್ಲಿ ಎಡವುತ್ತಾರೆ, ನೋಡಿದ್ದೀನಿ.

ಐವತ್ತೆರಡೂವರೆಯನ್ನು 14ರಿಂದ ಭಾಗಿಸಿದಳು. 14 ಮೂರಲೆ 42. ಉಳಿದದ್ದು ಹತ್ತೂವರೆ ಇಂಚು. ಈಗ ಇಂಚನ್ನು ಕಾಲು ಕಾಲಾಗಿ ಒಡೆಯಬೇಕು. ಹತ್ತೂವರೆ ಇಂಚಿನಲ್ಲಿ 42 ಕಾಲು ಇವೆ. 42ನ್ನು 14ರಿಂದ ಭಾಗಿಸಿದರೆ ಮೂರು. ಮೂರು ಕಾಲು ಅಂದರೆ ಮುಕ್ಕಾಲು. ಸಂದು ಮೂರೂಮುಕ್ಕಾಲು ಇಂಚು. ಎಲ್ಲವೂ ಒಂದೇ ಸಮ. ಒಂದೂ ನಾಲ್ಕು ಇಂಚಿಗೆ ಮೇಲಿಲ್ಲ.

ಲೆಕ್ಕ ಮಾಡಿದಾಗ ಸಂದು ನಾಲ್ಕಕ್ಕಿಂತ ಹೆಚ್ಚು ಬಂದರೆ ಒಂದು ಸರಳು ಸೇರಿಸಿ, ಮತ್ತೆ ಭಾಗಿಸಿ. ನಾಲ್ಕು ಇಂಚು ಯಾಕೆ? ತೆವಳುವ ಮಗು ಅದರಲ್ಲಿ ತೂರಲಾರದು. ಅಮೆರಿಕದ ಮನೆ ಕಟ್ಟುವ ನಿಯಮದಲ್ಲೂ ಇದೇ ಅಳತೆ ಇದೆ. ನಾಲ್ಕು ಇಂಚಿನ ಚೆಂಡು ಸಂದಿನಲ್ಲಿ ತೂರಬಾರದು ಅಂತ ಅಲ್ಲಿ ಪರೀಕ್ಷೆ ಮಾಡುತ್ತಾರೆ. ಕೆಳಪಟ್ಟಿಗೂ ನೆಲಕ್ಕೂ ನಡುವೆ ಇರುವ ಸಂದಿಗೂ ಇದೇ ಮಾತು. ನಾನು ಮೂರು ಇಂಚು ಬಿಡುತ್ತೇನೆ. ಜಗಲಿ ತೊಳೆದ ನೀರು ಹೋಗಲು ಅಷ್ಟು ಸಾಕು. ಇನ್ನು ಕೆಲವರು ಚೆಂದಕ್ಕೆ ಅಂತ ಅಡ್ಡ ಸರಳು ಹಾಕಿಸುತ್ತಾರೆ. ಬೇಡ. ಮಕ್ಕಳಿಗೆ ಅದು ಏಣಿ.

ಗುರುತು ಹಾಕುವುದರಲ್ಲೂ ಒಂದು ಸೂಕ್ಷ್ಮ ಇದೆ. ಒಂದು ಸರಳಿನಿಂದ ಮುಂದಿನ ಸರಳಿಗೆ ಅಂತ ಅಳೆಯುತ್ತಾ ಹೋಗಬೇಡಿ. ಪೆನ್ಸಿಲ್ಲಿನ ಗೆರೆಯಷ್ಟು ತಪ್ಪಿದರೂ 13 ಸಲ ತಪ್ಪಿ, ಕೊನೆಯ ಸಂದಿನಲ್ಲಿ ಎಲ್ಲವೂ ಬಂದು ಕೂರುತ್ತದೆ. ಟೇಪನ್ನು ಒಂದೇ ಸಲ ಉದ್ದಕ್ಕೂ ಹಾಸಿ. ಅದರ ತುದಿ ಎಡಗಡೆಯ ಕಂಬಕ್ಕೆ ತಾಗಿರಲಿ. ಮೊದಲ ಗುರುತು ಮೂರೂಮುಕ್ಕಾಲಕ್ಕೆ. ಅಲ್ಲಿಂದ ಐದೂಕಾಲು ಕೂಡುತ್ತಾ ಹೋಗಿ. ಸಂದು ಒಂದು, ಸರಳು ಒಂದು ಸೇರಿದರೆ ಐದೂಕಾಲು ತಾನೇ? ಎರಡನೆಯದು 9. ಮೂರನೆಯದು ಹದಿನಾಲ್ಕೂಕಾಲು. ನಾಲ್ಕನೆಯದು ಹತ್ತೊಂಬತ್ತೂವರೆ. ಹೀಗೆ ಹೋಗಿ ಹದಿಮೂರನೆಯದು ಅರವತ್ತಾರೂಮುಕ್ಕಾಲು. ಸರಳಿನ ಎಡ ಅಂಚು ಗುರುತಿನ ಮೇಲೆ ಕೂರಬೇಕು. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಎರಡನ್ನೂ ಜೊತೆಗೆ ಹಿಡಿದು ಒಂದೇ ಗೆರೆ ಎಳೆಯಿರಿ. ಆಗ ಸರಳು ವಾಲುವುದಿಲ್ಲ. ನೆಟ್ಟಗಿದೆಯೋ ಅಂತ ತೂಕದ ಗುಂಡು ಬಿಟ್ಟು ನೋಡಿ.

ನೀವು ಕೇಳಬಹುದು. ಹಿಂದಿನ ಕಾಲದ ಬಡಗಿಗಳಿಗೆ ಓದು ಬರುತ್ತಿತ್ತೇ? ಅವರ ಕಟಾಂಜನ ಎಷ್ಟು ಚೆನ್ನಾಗಿದೆ! ಹೌದು. ನನ್ನ ಗುರುಗಳಿಗೆ ಸಹಿಯೂ ಬರುತ್ತಿರಲಿಲ್ಲ. ಅವರು ದಾರ ಮಡಚುತ್ತಿದ್ದರು. ಕಂಬದಿಂದ ಕಂಬಕ್ಕೆ ದಾರ ಹಿಡಿದು, ಅದಕ್ಕೆ ಒಂದು ಸರಳಿನ ಅಗಲದಷ್ಟು ಸೇರಿಸಿ ಕತ್ತರಿಸುತ್ತಿದ್ದರು. ಮಡಚಿದರೆ ಎರಡು ಪಾಲು. ಮತ್ತೆ ಮಡಚಿದರೆ ನಾಲ್ಕು, ಎಂಟು, ಹದಿನಾರು. ಮಡಿಕೆಗೆ ಮಸಿ ಹಚ್ಚಿ, ದಾರವನ್ನು ಮತ್ತೆ ಎಳೆದು ಹಿಡಿಯುತ್ತಿದ್ದರು. ಎರಡು ತುದಿಯೂ ಅರ್ಧ ಸರಳಿನಷ್ಟು ಕಂಬದ ಮೇಲೆ ಹೋಗಬೇಕು. ಮಸಿ ಇದ್ದಲ್ಲಿ ಸರಳಿನ ನಡುಮಧ್ಯ. ಒಂದು ಕೂದಲಷ್ಟೂ ತಪ್ಪುತ್ತಿರಲಿಲ್ಲ. ನಾನು ಅದನ್ನು ಸರಿಯಾಗಿ ಕಲಿಯದೆ ಬಂದೆ. ಅದು ಗುರುಗಳ ತಪ್ಪಲ್ಲ.

ಆದರೆ ದಾರ ಮಡಚಿದರೆ 14 ಪಾಲು ಬರುವುದಿಲ್ಲ. ಎಂಟು ಬಿಟ್ಟರೆ ಹದಿನಾರೇ. ಎಂಟು ಪಾಲು ಮಾಡಿದರೆ ಸಂದು ತೀರಾ ಅಗಲ. 16 ಪಾಲು ಮಾಡಿದರೆ 15 ಸರಳು ಬೇಕು. ಲೆಕ್ಕ ಬಂದವನಿಗೆ 13 ಸಾಕು. ಒಂದು ಅಂಕಣಕ್ಕೆ ಎರಡು ಸರಳು ಉಳಿಯಿತು. ಐದು ಅಂಕಣದ ಜಗಲಿಗೆ ಹತ್ತು ಸರಳು. ಮರ ಈಗ ಯಾವ ಬೆಲೆ ಅಂತ ನಿಮಗೇ ಗೊತ್ತು.

ಆ ಮನೆಯ ಕಟಾಂಜನ ಇವತ್ತಿಗೂ ಇದೆ. ಬಿದ್ದ ಮಗು ದೊಡ್ಡದಾಗಿ, ಈಗ ಅವನ ಮಗುವೇ ಅದನ್ನು ಹಿಡಿದುಕೊಂಡು ನಿಲ್ಲುತ್ತದೆ.

ಹೋಗುವ ಮುಂಚೆ ಒಂದು ಲೆಕ್ಕ ಕೊಡ್ತೀನಿ. ಮೊನ್ನೆ ಇಲ್ಲಿನ ಒಬ್ಬ ಅಕ್ಕ ಕೇಳಿದ್ದು. ಅವರ ಮನೆ ಮೆಟ್ಟಿಲ ಪಕ್ಕದ ಜಗಲಿಗೆ ಕಬ್ಬಿಣದ ಸರಳು ಹಾಕಿಸಬೇಕಂತೆ. ಕಂಬದಿಂದ ಕಂಬಕ್ಕೆ 108 ಸೆಂಟಿಮೀಟರು. ಸರಳಿನ ಅಗಲ 2 ಸೆಂಟಿಮೀಟರು. ಸಂದು 10 ಸೆಂಟಿಮೀಟರಿಗಿಂತ ಹೆಚ್ಚಾಗಬಾರದು. ಎಷ್ಟು ಸರಳು ಬೇಕು? ಒಂದೊಂದು ಸಂದು ಎಷ್ಟು? ಅಕ್ಕ ನಾಳೆ ವೆಲ್ಡಿಂಗಿನವನ ಹತ್ತಿರ ಹೋಗ್ತಾರೆ. ಸ್ಲೇಟು ತಗೊಳ್ಳಿ. ಅವರು ಹೊರಡುವುದರೊಳಗೆ ಉತ್ತರ ಹೇಳಬೇಕು.