ಮೋರೇರ ಮನೆಗಳು



ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಾಲು ಕಣ್ಣುಗಳೆರಡೂ ಉಳ್ಳವರು ಅದೇ ಸೀಮೆಯ ಗಂಗಾವತಿಯ ಬಳಿಯಿರುವ ಹಿರೇಬೆಣಕಲ್ಲಿನ ಬೆಟ್ಟವನ್ನೂ ಹತ್ತಬೇಕೆಂಬುದು ನಮ್ಮ ಅರಿಕೆ. ಅಲ್ಲಿ ಸುಮಾರು 400 ಬೃಹತ್ ಶಿಲಾಸ್ಮಾರಕಗಳಿವೆ. ಅವುಗಳಲ್ಲಿ ಎದ್ದುಕಾಣುವವು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಲುಮನೆಗಳು. ಮೋರ್ಯರೆಂಬ ಕುಳ್ಳರ ಮನೆಗಳಿವೆಂದು ಹಳ್ಳಿಗರ ಕಥೆ. ಇವು ಕ್ರಿ. ಪೂ. ಮೊದಲನೆಯ ಸಹಸ್ರಮಾನದವೆಂದೂ, ವಾಸಕ್ಕಲ್ಲ, ಮೃತರಿಗಾಗಿ ಕಟ್ಟಿದವೆಂದೂ ವಿದ್ವಾಂಸರ ನಿರ್ಣಯ.

ಯಾವ ಮೃತರಿಗಾಗಿ? ಎಷ್ಟೋ ತಲೆಮಾರುಗಳ ಜನಕ್ಕೆಲ್ಲ 400 ಸ್ಮಾರಕಗಳು ಸಾಲವು. ಅವುಗಳಲ್ಲಿಯೂ ಕೆಲವು ಮೂರಡಿಯಷ್ಟೂ ಇಲ್ಲ. ಕೆಲವು ಹತ್ತಡಿಯವರೆಗೆ ಏರಿವೆ. ಮೇಲು ಕೀಳೆಂಬುದು ಆಗಲೇ ಮೊಳೆತಿತ್ತೆಂದು ಊಹಿಸಬಹುದು.

ಆದರೆ ಆ ಹಿರಿಮೆ ನಿಂತದ್ದು ಕುಶಲಕರ್ಮಿಯ ಕೈಯ ಮೇಲೆ. ಹಾಸುಬಂಡೆಯ ಪದರವನ್ನು ಸೀಳದಂತೆ ಎಬ್ಬಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಚಪ್ಪಡಿ ಎದ್ದ ಸ್ಥಳದಲ್ಲಿ ಮಳೆನೀರು ನಿಂತು ಕೊಳವಾಯಿತು. ಆ ಕಾಲದ ಕುಂಬಾರನು ಒಂದೇ ಮಡಕೆಯ ಒಳಮೈ ಕಪ್ಪಾಗಿಯೂ ಹೊರಮೈ ಕೆಂಪಾಗಿಯೂ ಬರುವಂತೆ ಬೆಂಕಿಯನ್ನೂ ಗಾಳಿಯನ್ನೂ ಅಂಕೆಯಲ್ಲಿಟ್ಟಿದ್ದನು. ಕಬ್ಬಿಣವನ್ನು ಕರಗಿಸುವ ಕಮ್ಮಾರನ ಮಾತನ್ನು ಹೇಳಲೇಬೇಕಾಗಿಲ್ಲ.

ದೂರದ ಚೀನಾದೇಶದತ್ತ ಒಮ್ಮೆ ನೋಡೋಣ. ಕ್ರಿ. ಪೂ. 3300ರಿಂದ 2300ರವರೆಗೆ ಬಾಳಿದ ಲಿಯಾಂಗ್‌ಝು ಸಮಾಜದ ಗಣ್ಯರ ಗೋರಿಗಳು ಜೇಡ್ ಶಿಲೆಯ ವಸ್ತುಗಳಿಂದ ತುಂಬಿವೆ. 1986ರಲ್ಲಿ ಅಗೆದ ಫಾನ್‌ಶಾನಿನ ಒಂದು ಗೋರಿಯಲ್ಲಿ 6.5 ಕಿಲೋಗ್ರಾಂ ತೂಕದ ವಸ್ತುವೊಂದು ದೊರೆಯಿತು. ಜೇಡನ್ನು ಕತ್ತರಿಸಲಾಗದು, ಮರಳು ನೀರುಗಳಿಂದ ದಿನಗಟ್ಟಲೆ ಉಜ್ಜಿ ಸವೆಸಬೇಕು. ಅಲ್ಲಿ ಗಣ್ಯರೇ ಸ್ವತಃ ಕುಶಲಕರ್ಮಿಗಳೂ ಆಗಿದ್ದಿರಬೇಕೆಂದು ಕೆಲವು ಪಂಡಿತರು ವಾದಿಸಿದ್ದಾರೆ.

ಈ ವಾದವು ನಮ್ಮನ್ನೂ ಎಚ್ಚರಿಸತಕ್ಕದ್ದು. ಆಳಿದವನು ಬೇರೆ, ದುಡಿದವನು ಬೇರೆ, ಮೊದಲನೆಯವನೇ ಮೇಲು ಎಂಬುದು ನಮ್ಮ ಕಾಲದ ಎಣಿಕೆ. ಅದನ್ನು ಬೆಣಕಲ್ಲಿನ ಮೇಲೆ ಹೇರಲು ನಮಗೇನು ಅಧಿಕಾರ? ಉಳಿ ಹಿಡಿದವನಿಗೇ ಒಂದು ಕಲ್ಲುಮನೆ ಸಂದಿರಬಾರದೇಕೆ?

2021ರಲ್ಲಿ ಈ ತಾಣವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ನಿಧಿಯಾಸೆಯವರು ಚಪ್ಪಡಿಗಳನ್ನು ಕೆಡವಿದ್ದೂ ಉಂಟು. ಚಪ್ಪಡಿಯ ಕೆಳಗೆ ಹೊನ್ನನ್ನು ಹುಡುಕಿದವರು ಚಪ್ಪಡಿಯೇ ನಿಧಿಯೆಂಬುದನ್ನು ಕಾಣದೆಹೋದರು. ಕಣ್ಣಿದ್ದವರೆಂದು ಗಾದೆ ಕರೆದದ್ದು ಅಂಥವರನ್ನಲ್ಲ.